ಆಟದ ಕಟ್ಟೆ: ಮರಿ ಸಾಕುವ ಆಟಕ್ಕೆ ಎಷ್ಟು ಅಂಕ?

ಹೋದ ತಿಂಗಳು ಇದೇ ಅಂಕಣದಲ್ಲಿ ‘ಪೋಕೆಮಾನ್ ಸ್ಕಾರ್ಲೆಟ್’ ಮತ್ತು ‘ಪೋಕೆಮಾನ್ ವಯೊಲೆಟ್’ (ಒಂದೇ ಆಟದ ಎರಡು ರೂಪ) ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ: ‘ಹರಕುಮುರುಕು ಆಟ, ಆದರೂ ಬಿಡಬೇಡಿ.’ ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಕೆಲವರಿಗೆ ‘ಹರಕುಮುರುಕು’ ಅಂದದ್ದಕ್ಕೆ ಸಿಟ್ಟು, ಕೆಲವರಿಗೆ ‘ಬಿಡಬೇಡಿ’ ಅಂದದ್ದಕ್ಕೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ಹಿಡಿದುಕೊಂಡಿದ್ದೇನೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಊರೂರು ಅಲೆದು ವಿಚಿತ್ರ ಜೀವಿಗಳನ್ನು ಹಿಡಿಯುವುದು, ಸಾಕುವುದು, ಕಾದಾಡಿಸಿ ಬೆಳೆಸುವುದು, ಇಷ್ಟೇ ಪೋಕೆಮಾನ್. 1996ರಲ್ಲಿ ಜಪಾನಿನಲ್ಲಿ ಶುರುವಾಯಿತು, ಇನ್ನೂ ನಿಂತಿಲ್ಲ. ನನ್ನ ಬಗ್ಗೆ ಕೇಳಿದವರಿಗೆ: ಹುಬ್ಬಳ್ಳಿಯಲ್ಲಿ ವಿಡಿಯೋ ಗೇಮ್ ಪಾರ್ಲರ್ ನಡೆಸುತ್ತಿದ್ದವನು ನಾನು. ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಆಡುವವರ ಮುಖ ನೋಡುತ್ತಾ ಕಲಿತದ್ದೇ ನನ್ನ ವಿಮರ್ಶೆ.

ಪ್ರಶ್ನೆ: ವಿಮರ್ಶಕರು ಈ ಆಟಕ್ಕೆ ಕೊಟ್ಟ ಸರಾಸರಿ ನೂರಕ್ಕೆ 70ರ ಆಸುಪಾಸು. ಮುಖ್ಯ ಸರಣಿಯಲ್ಲೇ ಇಷ್ಟು ಕಡಿಮೆ ಯಾವುದಕ್ಕೂ ಬಂದಿಲ್ಲವಂತೆ. ಆದರೆ ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಖರ್ಚಾಗಿವೆ. ಯಾರನ್ನು ನಂಬಬೇಕು?
(ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಮೊದಲು ಆ ಒಂದು ಕೋಟಿಯನ್ನು ಲೆಕ್ಕದಿಂದ ತೆಗೆಯಿರಿ. ಆಟ ಬಂದದ್ದು 2022ರ ನವೆಂಬರ್ 18ಕ್ಕೆ. ಮೂರು ದಿನದಲ್ಲಿ ಅಷ್ಟು ಮಾರಿದ ಆಟ ಅಲ್ಲಿಯವರೆಗೆ ಆಟದ ಯಂತ್ರ ಮಾಡುವ ನಿಂಟೆಂಡೊ ಕಂಪನಿಯ ಯಾವ ಯಂತ್ರದಲ್ಲೂ ಇರಲಿಲ್ಲ, ಅದು ನಿಜ. ಆದರೆ ಮೊದಲ ಮೂರು ದಿನದಲ್ಲಿ ಕೊಂಡವರು ಹೆಸರು ನೋಡಿ ಕೊಂಡವರು. ಆಟ ಹೇಗಿದೆ ಅಂತ ಅವರಿಗೆ ಗೊತ್ತಾದದ್ದೇ ಆಮೇಲೆ. ನಾನು ನೋಡುವುದು ಆಮೇಲಿನ ಲೆಕ್ಕವನ್ನು. ಬೈಗುಳ ಎಲ್ಲ ಊರಿಗೆ ಗೊತ್ತಾದ ಮೇಲೂ ಮಾರಾಟ ನಿಲ್ಲಲಿಲ್ಲ, ಈಗ ಎರಡೂವರೆ ಕೋಟಿ ದಾಟಿದೆ. ಇದಕ್ಕೆ ಕಾರಣ ಹುಡುಕಬೇಕು, ಅಲ್ವಾ?

ವಿಮರ್ಶಕರು ಬೈದದ್ದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಆಟದೊಳಗೆ ನೀವು ಒಂದು ಶಾಲೆಗೆ ಸೇರುತ್ತೀರಿ. ತರಗತಿಯಲ್ಲಿ ಕೂತು ಹಿಂದಿನ ಬೆಂಚಿನವರನ್ನು ನೋಡಿ. ಅವರು ಅಲ್ಲಾಡುವುದು ಬಿಟ್ಟು ಬಿಟ್ಟು, ಒಂದೊಂದು ಫೋಟೋ ಬದಲಾಯಿಸಿದ ಹಾಗೆ. ದೂರದ ಗಾಳಿಯಂತ್ರದ ರೆಕ್ಕೆಯೂ ಅಷ್ಟೇ, ತಡವರಿಸುತ್ತಾ ತಿರುಗುತ್ತದೆ. ಕ್ಯಾಸೆರೊಯಾ ಅಂತ ಒಂದು ದೊಡ್ಡ ಕೆರೆ ಇದೆ. ಅದರ ಹತ್ತಿರ ಹೋದರೆ ಇಡೀ ಆಟಕ್ಕೇ ಏದುಸಿರು. ಗುಡ್ಡದ ಇಳಿಜಾರಿನಲ್ಲಿ ಕಾಳಗ ಬಿತ್ತು ಅಂದರೆ ಕ್ಯಾಮೆರಾ ಮಣ್ಣೊಳಗೆ ಹೊಕ್ಕು ಭೂಮಿಯ ಹೊಟ್ಟೆ ತೋರಿಸುತ್ತದೆ. ಶುರುವಿನಲ್ಲಿ ಇನ್ನೊಂದು ತಮಾಷೆ ಇತ್ತು. ಎರಡನೇ ಕಂಟ್ರೋಲರ್ ಜೋಡಿಸಿ ಎರಡರ ಕಡ್ಡಿಯನ್ನೂ ಒಟ್ಟಿಗೆ ಒತ್ತಿದರೆ ನಿಮ್ಮ ಪಾತ್ರ ದುಪ್ಪಟ್ಟು ವೇಗದಲ್ಲಿ ಓಡುತ್ತಿತ್ತು! ಪೂರ್ತಿ ಬೆಲೆ ತೆಗೆದುಕೊಂಡ ಆಟದಲ್ಲಿ ಇದೆಲ್ಲ ಇದ್ದರೆ ಅಂಕ ಕಡಿಯಲೇಬೇಕು. ಆಟಗಳ ವಿಮರ್ಶೆ ಬರೆಯುವ ಐಜಿಎನ್ ಜಾಲತಾಣ ಹತ್ತಕ್ಕೆ ಆರು ಕೊಟ್ಟಿತು. ನಾನಾಗಿದ್ದರೂ ಆ ವಾರ ಅಷ್ಟೇ ಕೊಡುತ್ತಿದ್ದೆ.

ಇನ್ನು ಆಡಿದವರ ಕಡೆ ಬನ್ನಿ. ಆಟದಲ್ಲಿ ಆರ್ವೆನ್ ಅಂತ ಒಬ್ಬ ಹುಡುಗ. ಅವನ ನಾಯಿ ಮಬಾಸ್‌ಟಿಫ್ ಜೀವ ಹೋಗುವಷ್ಟು ಗಾಯಗೊಂಡು ಮಲಗಿದೆ. ಯಾವ ಔಷಧಿಯೂ ನಾಟುತ್ತಿಲ್ಲ. ಐದು ದೈತ್ಯ ಪೋಕೆಮಾನ್‌ಗಳು ಕಾಯುವ ಐದು ಬಗೆಯ ಮೂಲಿಕೆ ತಂದು ಸ್ಯಾಂಡ್‌ವಿಚ್‌ನಲ್ಲಿಟ್ಟು ತಿನ್ನಿಸಬೇಕು ಅನ್ನುವುದು ಅವನ ಹಟ. ಮೊದಲನೇ ದೈತ್ಯ ಬಂಡೆಗೆ ಅಂಟಿಕೊಂಡ ಏಡಿ. ಅದನ್ನು ಸೋಲಿಸಿ ಮೂಲಿಕೆ ತಂದರೆ ನಾಯಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಮುಂದಿನದು ತಂದರೆ ಇನ್ನೂ ಸ್ವಲ್ಪ. ಅದೇ ಮೂಲಿಕೆಯ ಸ್ಯಾಂಡ್‌ವಿಚ್ ನಿಮ್ಮ ಸವಾರಿಯ ಪ್ರಾಣಿಗೂ ಸಿಗುತ್ತದೆ. ಅದೂ ಬಲ ಕಳೆದುಕೊಂಡದ್ದೇ. ತಿಂದ ಹಾಗೆಲ್ಲ ಓಡುವುದು, ಈಜುವುದು, ನೆಗೆಯುವುದು, ತೇಲುವುದು, ಬಂಡೆ ಹತ್ತುವುದು ಒಂದೊಂದಾಗಿ ಕಲಿಯುತ್ತದೆ. ನೀವು ಮೂಲಿಕೆ ಹುಡುಕುವುದು ನಾಯಿಗೋ ನಿಮ್ಮ ದಾರಿಗೋ ಅಂತ ಬಿಡಿಸಿ ಹೇಳಲಿಕ್ಕೇ ಆಗುವುದಿಲ್ಲ. ಕಥೆ ಮತ್ತು ಆಟ ಇಷ್ಟು ಚೆನ್ನಾಗಿ ಹೊಸೆದುಕೊಂಡದ್ದು ಈ ಸರಣಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಇದನ್ನು ವಿಮರ್ಶಕರೂ ಹೊಗಳಿದ್ದಾರೆ, ಆದರೆ ಅಂಕದ ಪಟ್ಟಿಯಲ್ಲಿ ಇದು ಒಂದು ಸಾಲು, ತಡವರಿಕೆ ಹತ್ತು ಸಾಲು.

ಸಂತೆಯಲ್ಲಿ ಕರುವಿನ ಹಲ್ಲು ನೋಡಿ ಬೆಲೆ ಕಟ್ಟುವವನು ಬೇರೆ, ಅದನ್ನು ಮನೆಗೆ ಹೊಡೆದುಕೊಂಡು ಬಂದು ಮೇಯಿಸುವವನು ಬೇರೆ. ವಿಮರ್ಶಕನ ಕೈಗೆ ಆಟ ಬಿಡುಗಡೆಗೆ ಸ್ವಲ್ಪವೇ ಮೊದಲು ಬರುತ್ತದೆ. ಅವನು ಓಡೋಡಿ ಮುಗಿಸಿ ಬರೆಯಬೇಕು. ಬೇರೆ ಆಟಗಳಿಗೆ ಅದು ಸಾಕು. ಮರಿ ಸಾಕುವ ಆಟಕ್ಕೆ ಸಾಲದು. ಇಲ್ಲಿ ರುಚಿ ಹತ್ತುವುದೇ ಮರಿ ನಿಮ್ಮದಾದ ಮೇಲೆ. ನಾನು ಆರಿಸಿಕೊಂಡದ್ದು ಫ್ಯೂಕೊಕೊ, ಬೆಂಕಿ ಉಗುಳುವ ಮೊಸಳೆ ಮರಿ. ತಿನ್ನುವುದು ಬಿಟ್ಟು ಅದಕ್ಕೆ ಬೇರೆ ಚಿಂತೆ ಇಲ್ಲ. 16ನೇ ಮಟ್ಟಕ್ಕೆ ಅದು ಕ್ರೋಕಲರ್ ಆಗುತ್ತದೆ, 36ಕ್ಕೆ ಸ್ಕೆಲೆಡರ್ಜ್. ಆಗ ಅದರ ಮೂತಿಯ ಮೇಲಿನ ಬೆಂಕಿ ಹಕ್ಕಿಯ ರೂಪ ತಾಳಿ ಹಾಡುತ್ತದೆ, ಹಾಡಿದಷ್ಟೂ ಏಟಿನ ಬಲ ಏರುತ್ತದೆ. ಆ ಹೊತ್ತಿಗೆ ಹಿಂದೆ ಗಾಳಿಯಂತ್ರ ತಡವರಿಸಿದರೆ ಯಾರಿಗೆ ಬೇಕು?

ಪ್ರಶ್ನೆ: ಕಂಪನಿ ಈಗ ಎಲ್ಲ ರಿಪೇರಿ ಮಾಡಿದೆಯಂತೆ, ಹೌದಾ?
(ಬ್ಯಾಂಕ್ ನೌಕರ, ಶಿವಮೊಗ್ಗ)

ಉತ್ತರ: ಅರ್ಧ ಹೌದು. ಬಿಡುಗಡೆಯಾಗಿ ಎರಡೇ ವಾರಕ್ಕೆ, ಡಿಸೆಂಬರ್ ಶುರುವಿನಲ್ಲಿ, ಮೊದಲ ತಿದ್ದುಪಡಿ ಬಂತು. ಅದರ ಜೊತೆಗೇ ನಿಂಟೆಂಡೊ ಕ್ಷಮೆಯನ್ನೂ ಕೇಳಿತು. ಕೊನೆಯ ದೊಡ್ಡ ಕಾಳಗಗಳಲ್ಲಿ ಸಂಗೀತ ಸರಿಯಾಗಿ ಕೇಳಿಸದ ದೋಷ ಆಗ ಹೋಯಿತು. ತಡವರಿಕೆ ಮಾತ್ರ ನಿಂಟೆಂಡೊದ ಹಳೆಯ ಆಟದ ಯಂತ್ರ ಸ್ವಿಚ್‌ನಲ್ಲಿ ಇವತ್ತಿಗೂ ಪೂರ್ತಿ ಹೋಗಿಲ್ಲ. 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಾಗ ಈ ಆಟಕ್ಕೆ ಉಚಿತ ಅಪ್‌ಡೇಟ್ ಕೊಟ್ಟರು. ಹೊಸ ಯಂತ್ರದಲ್ಲಿ ಚಿತ್ರ ಚೊಕ್ಕ, ಓಟ ಸಲೀಸು. ಅಂದರೆ ಆಟ ಹೇಗಿರಬೇಕಿತ್ತೋ ಹಾಗಾಗಲಿಕ್ಕೆ ಎರಡೂವರೆ ವರ್ಷ ಮತ್ತು ಇನ್ನೊಂದು ಯಂತ್ರದ ದುಡ್ಡು ಬೇಕಾಯಿತು. 2022ರ ಅಂಕ ಮಾತ್ರ 2022ರದ್ದೇ ಉಳಿದಿದೆ. ವಿಮರ್ಶೆ ಓದುವಾಗ ತಾರೀಕು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ಕನ್ನಡ ಮಾಧ್ಯಮ. ದುಬೈನಲ್ಲಿರುವ ನನ್ನ ತಮ್ಮ ಸ್ವಿಚ್ ಮತ್ತು ಈ ಆಟ ತಂದುಕೊಡುತ್ತೇನೆ ಅನ್ನುತ್ತಿದ್ದಾನೆ. ವಿಮರ್ಶೆಗಳಲ್ಲಿ ‘ಮಕ್ಕಳಿಗೆ ಸುಲಭ’ ಅಂತ ಬರೆದಿದ್ದಾರೆ. ತರಿಸಲೇ?
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಅಕ್ಕಾ, ‘ಸುಲಭ’ ಅಂತ ಬರೆದವರು ಕಾಳಗ ಸುಲಭ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ನಿಮ್ಮ ಮಗನ ಕಷ್ಟ ಬೇರೆ ಕಡೆ ಇದೆ. ಈ ಆಟದಲ್ಲಿ ಒಬ್ಬರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಎಲ್ಲ ಮಾತೂ ಪರದೆಯ ಕೆಳಗೆ ಅಕ್ಷರದಲ್ಲಿ ಬರುತ್ತದೆ, ಪುಟಗಟ್ಟಲೆ. ಭಾಷೆಗಳು ಒಂಬತ್ತಿವೆ, ಜಪಾನಿ, ಇಂಗ್ಲಿಷ್, ಫ್ರೆಂಚ್, ಕೊರಿಯನ್ ಹೀಗೆ. ಭಾರತದ ಭಾಷೆ ಒಂದೂ ಇಲ್ಲ. ಫೋನಿನಲ್ಲಿ ಆಡುವ ‘ಪೋಕೆಮಾನ್ ಗೋ’ಗೆ 2023ರಲ್ಲಿ ಹಿಂದಿ ಸೇರಿಸಿದರು. ಕನ್ನಡ ಅಲ್ಲೂ ಇಲ್ಲ.

ದನಿ ಇಲ್ಲದ್ದಕ್ಕೆ ದೊಡ್ಡವರೂ ಗೊಣಗಿದ್ದಾರೆ. ರೈಮ್ ಅಂತ ಒಬ್ಬ ಅಜ್ಜಿ ಇದ್ದಾಳೆ, ಹಿಮದ ಊರಿನ ರ‍್ಯಾಪ್ ಹಾಡುಗಾರ್ತಿ. ವೇದಿಕೆ, ದೀಪ, ಕುಣಿಯುವ ಜನ, ತಾಳ ಎಲ್ಲ ಇದೆ. ಅಜ್ಜಿ ಮೈಕು ಹಿಡಿದು ಬಾಯಿ ಆಡಿಸುತ್ತಾಳೆ. ದನಿಯೇ ಇಲ್ಲ! ನೀವು ಹಾಡನ್ನು ಓದಿಕೊಳ್ಳಬೇಕು. ಈ ಕಾಲದಲ್ಲಿ ಇದಕ್ಕೆ ಯಾವ ಸಬೂಬೂ ನಡೆಯುವುದಿಲ್ಲ.

ನನ್ನ ಸಲಹೆ ಕೇಳಿದರೆ, ತರಿಸಿ, ಆದರೆ ಮನೆಯಲ್ಲಿ ಇಂಗ್ಲಿಷ್ ಓದಿ ಹೇಳುವವರು ಒಬ್ಬರು ಪಕ್ಕದಲ್ಲಿ ಕೂರುವ ಹಾಗಿದ್ದರೆ ಮಾತ್ರ. ನನ್ನ ಪಾರ್ಲರ್‌ನಲ್ಲಿ ಅಣ್ಣ ಓದುತ್ತಿದ್ದ, ತಮ್ಮ ಬಟನ್ ಒತ್ತುತ್ತಿದ್ದ, ಅಂಥ ಜೋಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದು ವಿಷಯ. ಹೊರಗಿನಿಂದ ತಂದ ಯಂತ್ರಕ್ಕೆ ನಮ್ಮ ಊರಲ್ಲಿ ವಾರಂಟಿ ಸಿಗುತ್ತದಾ ಅಂತ ತಮ್ಮನ ಹತ್ತಿರ ವಿಚಾರಿಸಿಕೊಳ್ಳಿ. ಮಗ ಒಂದು ಸಲ ಕೆಳಗೆ ಹಾಕಿದ ಮೇಲೆ ವಿಚಾರಿಸಿ ಉಪಯೋಗ ಇಲ್ಲ.

ಪ್ರಶ್ನೆ: ವಿಮರ್ಶಕರಿಗೆ ಕಂಪನಿಯವರು ದುಡ್ಡು ಕೊಡುತ್ತಾರಾ?
(ಹೆಸರು ಬೇಡ, ತುಮಕೂರು)

ಉತ್ತರ: ದುಡ್ಡು ಕೊಟ್ಟಿದ್ದರೆ ಹತ್ತಕ್ಕೆ ಆರು ಕೊಡಿಸುತ್ತಿದ್ದರಾ ಸ್ವಾಮಿ?

ಪ್ರಶ್ನೆ: ನಾನು ಚಿಕ್ಕಂದಿನಿಂದ ಪೋಕೆಮಾನ್ ಆಡುತ್ತಿದ್ದೇನೆ. ಸ್ಕಾರ್ಲೆಟ್‌ನ ತಡವರಿಕೆ ನನಗೆ ದೊಡ್ಡದಲ್ಲ. 2019ರ ‘ಸೋರ್ಡ್’ ಮತ್ತು ‘ಶೀಲ್ಡ್’ನಲ್ಲಿ ನನ್ನ ಹಳೆಯ ಪೋಕೆಮಾನ್‌ಗಳನ್ನೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದಕ್ಕೆ ವಿಮರ್ಶಕರು 80 ಅಂಕ ಕೊಟ್ಟರು. ಇದ್ಯಾವ ನ್ಯಾಯ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಬೆಳಗಾವಿಯವರಿಗೆ ಹೇಳಿದ್ದರ ಇನ್ನೊಂದು ಮುಖ ಇದು. ಉಳಿದವರಿಗಾಗಿ ಹಿನ್ನೆಲೆ ಹೇಳುತ್ತೇನೆ. ಮುಂಚೆಲ್ಲ ಒಂದು ಆಟದಲ್ಲಿ ಸಾಕಿದ ಪೋಕೆಮಾನನ್ನು ಮುಂದಿನ ಆಟಕ್ಕೆ ಕರೆದುಕೊಂಡು ಹೋಗಬಹುದಿತ್ತು. ಶಾಲೆಯಲ್ಲಿದ್ದಾಗ ಹಿಡಿದದ್ದನ್ನು ಕೆಲಸಕ್ಕೆ ಸೇರಿದ ಮೇಲೂ ಜೊತೆಗಿಟ್ಟುಕೊಂಡವರು ಇದ್ದಾರೆ. 2019ರ ಜೂನ್‌ನಲ್ಲಿ, ಅಮೆರಿಕದ ವಿಡಿಯೋ ಗೇಮ್ ಮೇಳ ಇ3ಯ ಹೊತ್ತಿಗೆ, ನಿರ್ಮಾಪಕ ಜುನಿಚಿ ಮಸುದಾ ಇನ್ನು ಮುಂದೆ ಎಲ್ಲವೂ ಎಲ್ಲ ಆಟದಲ್ಲಿ ಇರುವುದಿಲ್ಲ ಅಂತ ತಿಳಿಸಿದರು. ಸಂಖ್ಯೆ ಬೆಳೆದು ಬೆಳೆದು ಅಷ್ಟನ್ನೂ ಹೊಸದಾಗಿ ಚಿತ್ರಿಸಿ, ಬಲಾಬಲ ಸರಿದೂಗಿಸುವುದು ಆಗದ ಮಾತು ಅನ್ನುವುದು ಅವರ ವಾದ. ಅಭಿಮಾನಿಗಳು ಕೆರಳಿಬಿಟ್ಟರು.

ಹೊಸದಾಗಿ ಕೂತು ಆಡುವ ವಿಮರ್ಶಕನಿಗೆ ಅದರಿಂದ ಆಗುವ ನಷ್ಟ ಏನು? ಏನೂ ಇಲ್ಲ. ಅವನ ಮುಂದೆ ನೂರಾರು ಜೀವಿಗಳಿವೆ, ಸಾಕು. ನಿಮ್ಮದು ಒಂದೇ ಒಂದು ಇಲ್ಲ, ಆದರೆ ಅದು ನಿಮ್ಮದು. ಅದಕ್ಕೇ ಸೋರ್ಡ್‌ಗೆ ವಿಮರ್ಶಕರು ಪರವಾಗಿಲ್ಲ ಅಂದರು, ಹಳೆಯ ಆಟಗಾರರು ಸೊನ್ನೆ ಹಾಕಿದರು. ಸ್ಕಾರ್ಲೆಟ್‌ಗೂ ಸೊನ್ನೆ ಸುರಿದವರು ಇದ್ದಾರೆ, ಆದರೆ ಆ ಸಿಟ್ಟು ಅಷ್ಟು ದಿನ ಉಳಿಯಲಿಲ್ಲ. ಯಂತ್ರ ತಡವರಿಸಿದ್ದಕ್ಕೆ ಬಂದ ಸಿಟ್ಟು ಇಳಿಯುತ್ತದೆ. ಸಾಕಿದ್ದನ್ನು ಬಾಗಿಲಲ್ಲೇ ನಿಲ್ಲಿಸಿದ್ದಕ್ಕೆ ಬಂದದ್ದು ಇಳಿಯುವುದಿಲ್ಲ, ನಿಮ್ಮ ಪತ್ರವೇ ಸಾಕ್ಷಿ. ಹಾಗಂತ ಸೊನ್ನೆ ಹಾಕುವುದು ವಿಮರ್ಶೆ ಅಂತ ನಾನು ಒಪ್ಪುವುದಿಲ್ಲ. ಸೊನ್ನೆಯಿಂದ ಓದುವವನಿಗೆ ಏನೂ ತಿಳಿಯುವುದಿಲ್ಲ. ನೀವು ನನಗೆ ಬರೆದ ಹಾಗೆ ನಾಲ್ಕು ಸಾಲು ಬರೆದಿದ್ದರೆ ತಿಳಿಯುತ್ತಿತ್ತು.

ಪ್ರಶ್ನೆ: ಇಷ್ಟು ದುಡ್ಡಿರುವ ಕಂಪನಿ ಆಟವನ್ನು ಇನ್ನೊಂದು ವರ್ಷ ತಡ ಮಾಡಿ ಬಿಡಬಹುದಿತ್ತಲ್ಲ? ವಿಮರ್ಶಕರೂ ಅದನ್ನೇ ಕೇಳುತ್ತಾರೆ.
(ಉಪನ್ಯಾಸಕಿ, ಧಾರವಾಡ)

ಉತ್ತರ: ಮೇಡಂ, ಪೋಕೆಮಾನ್ ಬರೀ ಆಟ ಆಗಿದ್ದರೆ ತಡ ಮಾಡುತ್ತಿದ್ದರು. ಆಟ ಬಂತು ಅಂದರೆ ಅದರ ಬೆನ್ನಿಗೇ ಟಿವಿ ಧಾರಾವಾಹಿ, ಇಸ್ಪೀಟಿನ ಎಲೆಯಂಥ ಕಾರ್ಡುಗಳು, ಬೊಂಬೆ, ಬ್ಯಾಗು ಎಲ್ಲ ಬರಬೇಕು. 2023ರ ಜನವರಿಗೆ ಜಪಾನಿನಲ್ಲಿ ಸ್ಕಾರ್ಲೆಟ್ ಹೆಸರಿನ ಕಾರ್ಡುಗಳು, ಏಪ್ರಿಲ್‌ಗೆ ಹೊಸ ಧಾರಾವಾಹಿ. ಆಟದ ತಾರೀಕು ಜಾರಿದರೆ ಅದೆಲ್ಲವೂ ಜಾರುತ್ತದೆ. ಅದರ ಮೇಲೆ ಪೋಕೆಮಾನ್ ಆಟಗಳನ್ನು ತಯಾರಿಸುವ ಗೇಮ್ ಫ್ರೀಕ್ ಕಂಪನಿ ಅದೇ 2022ರ ಜನವರಿಯಲ್ಲಿ ‘ಪೋಕೆಮಾನ್ ಲೆಜೆಂಡ್ಸ್: ಆರ್ಸಿಯಸ್’ ಅಂತ ಇನ್ನೊಂದು ದೊಡ್ಡ ಆಟ ಬಿಟ್ಟಿತ್ತು. ಒಂದೇ ವರ್ಷದಲ್ಲಿ ಎರಡು. ಆರ್ಸಿಯಸ್‌ಗೆ ವಿಮರ್ಶಕರ ಮೆಚ್ಚುಗೆ ಚೆನ್ನಾಗಿಯೇ ಸಿಕ್ಕಿತು. ಮೈಮುರಿದದ್ದು ಎರಡನೆಯದಕ್ಕೆ. ಬೈಗುಳ ಕೆಲಸ ಮಾಡಿತೋ, ಒಳಗಿನವರಿಗೇ ಸುಸ್ತಾಯಿತೋ, 2024ರಲ್ಲಿ ದೊಡ್ಡ ಆಟ ಬರಲಿಲ್ಲ. ‘ಲೆಜೆಂಡ್ಸ್: ಝಡ್-ಎ’ ಬಂದದ್ದು 2025ರ ಅಕ್ಟೋಬರ್‌ಗೆ.

ನನಗೆ ತಡವರಿಕೆಗಿಂತ ಜಾಸ್ತಿ ಬೇಸರ ತಂದದ್ದು ಬೇರೆ ಒಂದು. ‘ಎಲ್ಲಿಗೆ ಬೇಕಾದರೂ ಹೋಗಿ’ ಅಂತ ಆಟ ಹೇಳುತ್ತದೆ. ಆದರೆ ಎದುರಾಳಿಗಳ ಬಲ ಮೊದಲೇ ನಿಗದಿಯಾಗಿದೆ. ಶುರುವಿನ ಊರಿನಿಂದ ಬಹಳ ದೂರವೇನಲ್ಲದ ಅಲ್ಫೋರ್ನಾಡಾಗೆ ಸುಮ್ನೆ ಅಲೆಯುತ್ತಾ ಹೋದಿರೋ, 45ರ ಮಟ್ಟದ ಎದುರಾಳಿ ಕಾದಿರುತ್ತಾಳೆ. ಹೊಡೆತ ತಿಂದು ಬಲಿತು ಬಂದ ಮೇಲೆ ಬಿಟ್ಟುಹೋದ ಊರುಗಳಿಗೆ ಹೋದರೆ ಅಲ್ಲಿಯವರು ಒಂದೇ ಏಟಿಗೆ ಮಲಗುತ್ತಾರೆ. ಬಯಲು ದೊಡ್ಡದಿದೆ, ದಾರಿ ಮಾತ್ರ ಹಳೆಯದೇ. ಇದನ್ನು ಯಾವ ಸ್ವಿಚ್ 2 ಕೂಡ ಸರಿಮಾಡುವುದಿಲ್ಲ. ಬಹಳಷ್ಟು ಆಟಗಾರರು ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಈ ವಿಷಯದಲ್ಲಿ ನಾನು ವಿಮರ್ಶಕರ ಪಾಳಯ.

ಪ್ರಶ್ನೆ: ‘ಪಾಲ್‌ವರ್ಲ್ಡ್’ ಪೋಕೆಮಾನ್‌ಗಿಂತ ಚೆನ್ನಾಗಿದೆ ಅಂತ ನನ್ನ ಗೆಳೆಯರು. ನೀವೇನು ಹೇಳುತ್ತೀರಿ?
(ಪದವಿ ವಿದ್ಯಾರ್ಥಿ, ಮಂಗಳೂರು)

ಉತ್ತರ: ಚೆನ್ನಾಗಿದೆಯೋ ಇಲ್ಲವೋ, ಬೇರೆ ಜಾತಿಯ ಆಟ. 2024ರ ಜನವರಿ 19ಕ್ಕೆ ಪೂರ್ತಿ ತಯಾರಾಗುವ ಮುಂಚೆಯೇ ಬಿಟ್ಟರು. ಸುಮಾರು ಒಂದು ತಿಂಗಳಲ್ಲಿ ಆಡಿದವರು ಎರಡೂವರೆ ಕೋಟಿ. ಇಲ್ಲಿ ಹಿಡಿದ ಜೀವಿಗಳನ್ನು ಕೆಲಸಕ್ಕೆ ಹಚ್ಚುತ್ತೀರಿ. ಒಂದು ಕಲ್ಲು ಒಡೆಯುತ್ತದೆ, ಒಂದು ಗಿಡಕ್ಕೆ ನೀರು ಹಾಕುತ್ತದೆ. ದುಡಿಸಿ ದುಡಿಸಿ ಊಟ ಹಾಕದಿದ್ದರೆ ತಲೆ ಕೆಟ್ಟು ಮೂಲೆ ಹಿಡಿಯುತ್ತವೆ. ಬೇಕೆಂದರೆ ಕಡಿದು ಮಾಂಸ ಮಾಡಲು ಕತ್ತಿಯೂ ಇದೆ. ವಿಮರ್ಶಕರಲ್ಲಿ ಹಲವರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಆಟಗಾರರು ಗೆಳೆಯರ ಜೊತೆ ಸೇರಿ ನಕ್ಕುಕೊಂಡು ಆಡಿದರು. 2024ರ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊ ಮತ್ತು ಪೋಕೆಮಾನ್ ಕಂಪನಿ ಟೋಕಿಯೋ ಕೋರ್ಟಿನಲ್ಲಿ ಪೇಟೆಂಟ್ ಮೊಕದ್ದಮೆ ಹೂಡಿದವು. ಅದಾದ ಮೇಲೆ ಗೋಳ ಎಸೆದು ಜೀವಿಯನ್ನು ಕರೆಯುವ ಪದ್ಧತಿಯನ್ನೇ ಪಾಲ್‌ವರ್ಲ್ಡ್‌ನವರು ಬದಲಾಯಿಸಿದರು. ನನ್ನ ರುಚಿ ಕೇಳಿದರೆ, ನಾಲ್ಕು ಜನ ಸೇರಿದಾಗ ಪಾಲ್‌ವರ್ಲ್ಡ್. ಒಬ್ಬನೇ ಕೂತಾಗ ಬೇಡ.

ಲ್ಯಾಪ್‌ಟಾಪ್ ಮಾತ್ರ ಇದೆ, ಸ್ವಿಚ್ ಇಲ್ಲ ಅಂತ ಬರೆದವರಿಗೆಲ್ಲ ಇಲ್ಲೇ ಉತ್ತರ: 2023ರ ‘ಕ್ಯಾಸೆಟ್ ಬೀಸ್ಟ್ಸ್’ ಹುಡುಕಿ. ಬ್ರಿಟನ್ನಿನ ಸಣ್ಣ ತಂಡದ ಆಟ. ಜೀವಿಗಳನ್ನು ಹಿಡಿಯುವುದಿಲ್ಲ, ಟೇಪಿನಲ್ಲಿ ರೆಕಾರ್ಡ್ ಮಾಡಿಕೊಂಡು ನೀವೇ ಆ ರೂಪ ತಾಳುತ್ತೀರಿ. ಎರಡನ್ನು ಬೆರೆಸಿ ಮೂರನೆಯದು ಮಾಡಬಹುದು. ವಿಮರ್ಶಕರೂ ಆಡಿದವರೂ ಒಂದೇ ದನಿಯಲ್ಲಿ ಹೊಗಳಿದ ಆಟ ಇದು, ಅದಕ್ಕೇ ಇದರ ಬಗ್ಗೆ ನನಗೆ ಜಗಳದ ಪತ್ರ ಒಂದೂ ಬಂದಿಲ್ಲ.

ಪ್ರಶ್ನೆ: ಸರ್, ಆಟದ ಹೆಸರಿಗೆ ಎಷ್ಟು ಅಂಕ ಅಂತ ನನಗೆ ಬೇಡ. ಅಣ್ಣ ಸ್ಕಾರ್ಲೆಟ್ ಕೊಡಿಸಿದ್ದಾನೆ. ಶುರುವಿನಲ್ಲಿ ಮೂರರಲ್ಲಿ ಒಂದು ಮರಿ ಆರಿಸಿಕೊ ಅನ್ನುತ್ತಿದೆ. ಬೆಕ್ಕು ಸ್ಪ್ರಿಗಾಟಿಟೊ, ಮೊಸಳೆ ಫ್ಯೂಕೊಕೊ, ಬಾತುಕೋಳಿ ಕ್ವಾಕ್ಸ್‌ಲಿ. ಯಾವುದು?
(ಒಂಬತ್ತನೇ ತರಗತಿ, ಹಾವೇರಿ)

ಉತ್ತರ: ಮೊಸಳೆ ತಗೋ ಮರಿ. ನಾನು ಸಾಕಿದ್ದೇನೆ ಅಂತ ಹೇಳುತ್ತಿಲ್ಲ. ಮೊದಲನೇ ಜಿಮ್, ಅಂದರೆ ಊರಿನ ಕಾಳಗದ ಕಣ, ಕಾರ್ಟಾಂಡೊದಲ್ಲಿ, ಅಲ್ಲಿರುವವು ಹುಳುಗಳು. ಎರಡನೆಯದು ಆರ್ಟಝಾನ್‌ನಲ್ಲಿ, ಅಲ್ಲಿ ಗಿಡಬಳ್ಳಿಯ ಜಾತಿ. ಎರಡೂ ಬೆಂಕಿಗೆ ಬೆದರುತ್ತವೆ. ಆರ್ಟಝಾನ್‌ನಲ್ಲಿ ಮಾತ್ರ ಒಂದು ಎಚ್ಚರ. ಅಲ್ಲಿಯ ಎದುರಾಳಿ ಬ್ರಾಸಿಯಸ್ ಕೊನೆಗೆ ಬಿಡುವ ಸುಡೊವುಡೊ ನೋಡಲಿಕ್ಕೆ ಮರ, ನಿಜಕ್ಕೂ ಕಲ್ಲು. ಕಾಳಗದ ನಡುವೆ ಅದನ್ನು ಗಿಡದ ಜಾತಿಗೆ ಬದಲಾಯಿಸುತ್ತಾನೆ. ಆಗ ಬೆಂಕಿ ಉಗುಳಿದರೆ ಸರಿಯಾಗಿ ತಾಗುತ್ತದೆ, ಆದರೆ ಅದು ಎಸೆಯುವ ಕಲ್ಲು ನಿನ್ನ ಮೊಸಳೆಗೂ ಜೋರಾಗಿಯೇ ಬೀಳುತ್ತದೆ. ಜೊತೆಗೆ ಒಂದು ಹಕ್ಕಿ ಇಟ್ಟುಕೋ ಅಂತ ಯಾರಾದರೂ ಹೇಳಿದರೆ ಕೇಳಬೇಡ, ಹಕ್ಕಿಗೂ ಕಲ್ಲೆಂದರೆ ಆಗುವುದಿಲ್ಲ. ಮೊಸಳೆಯನ್ನು 18, 19ರವರೆಗೆ ಬೆಳೆಸಿಕೊಂಡು ಹೋಗು, ಗೆಲ್ಲುತ್ತೀಯ. ಕೆಳಗೆ ಬರುವ ಮಾತುಗಳನ್ನು ಬೇಗ ಬೇಗ ಒತ್ತಿ ದಾಟಿಸಬೇಡ, ಆರ್ವೆನ್ ಸಿಕ್ಕಾಗಲಂತೂ ಪೂರ್ತಿ ಓದು.